ಹೆಪ್ಪಿನ ತೊಟ್ಟಿ

ದೊಡ್ಡಮ್ಮನ ಕೈಚೀಲದಲ್ಲಿ ಯಾವಾಗಲೂ ಎರಡು ಡಬ್ಬಿಗಳಿರುತ್ತಿದ್ದವು. ಒಂದರಲ್ಲಿ ಅವಳ ಮಧ್ಯಾಹ್ನದ ಊಟ, ಇನ್ನೊಂದರಲ್ಲಿ ಕೊಳಕು ಸ್ಪಂಜು. ಎರಡೂ ಒಂದೇ ಥರದ ಸ್ಟೀಲ್ ಡಬ್ಬಿಗಳು. ಗುರುತಿಗೆ ಒಂದು ದಾರವನ್ನಾದರೂ ಕಟ್ಟು ಎಂದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ಬ್ಯಾಂಕಿನ ಅಟೆಂಡರ್, ಅವಳು ಅಲ್ಲಿನ ಮೀನಿನ ತೊಟ್ಟಿ ಒರೆಸುವುದರಲ್ಲಿ ಮುಳುಗಿದ್ದಾಗ, ಇವತ್ತೇನು ತಂದಿದ್ದಾಳೆ ನೋಡೋಣ ಎಂದು ತಪ್ಪು ಡಬ್ಬಿಯ ಮುಚ್ಚಳ ತೆಗೆದು, ತನ್ನ ಊಟವನ್ನೂ ಬಿಟ್ಟು ಎದ್ದನಂತೆ. ಆ ಕಥೆಯನ್ನು ಎಷ್ಟು ಸಲ ಹೇಳಿದರೂ ಅಷ್ಟು ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಅವಳ ತಂಗಿಯ ಮಗಳು. ಅವಳ ಮನೆಯ ಮೇಲಿನ ಮಹಡಿಯಲ್ಲಿ ಹೊಲಿಗೆ ಮಷೀನ್ ಇಟ್ಟುಕೊಂಡು ಬದುಕುವವಳು. ಅವಳಿಗೆ ಮಕ್ಕಳಿರಲಿಲ್ಲ, ನನಗೆ ತಾಯಿ ಇರಲಿಲ್ಲ. ಹಾಗೆಂದು ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂರುತ್ತಿದ್ದೆವು ಎಂದುಕೊಳ್ಳಬೇಡಿ. ದಿನಕ್ಕೊಂದು ಸಲವಾದರೂ ಜಗಳವಾಡದಿದ್ದರೆ ನಮಗೆ ಉಂಡದ್ದು ಅರಗುತ್ತಿರಲಿಲ್ಲ.

ಅವಳ ಕೆಲಸ ಊರಿನ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವುದು. ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಬ್ಯಾಂಕು, ಸಲೂನು, ಶಾಲೆಯ ಆಫೀಸು, ಹೀಗೆ ಜನ ಕಾದು ಕೂರುವ ಕಡೆಯಲ್ಲೆಲ್ಲ ಅವಳದೊಂದು ತೊಟ್ಟಿ ಇತ್ತು. ಹೊಸ ತೊಟ್ಟಿಯ ನೀರು ತಿಳಿಯಾಗಿರುತ್ತದೆ, ಅದರಷ್ಟು ಮೋಸದ ನೀರು ಇನ್ನೊಂದಿಲ್ಲ ಎನ್ನುತ್ತಿದ್ದಳು. ಮೀನಿನ ಹೇಲು, ತಿಂದುಳಿದ ಕಾಳು ಎಲ್ಲ ಆ ನೀರಿನಲ್ಲೇ ಕೊಳೆತು ಅಮೋನಿಯ ಎಂಬ ವಿಷವಾಗುತ್ತದೆ. ಆ ವಿಷವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಅವು ಬಿಟ್ಟ ಎಂಜಲೂ ವಿಷವೇ, ಅದನ್ನು ತಿನ್ನುವುದಕ್ಕೆ ಇನ್ನೊಂದು ಜಾತಿಯವು ಬೇಕು. ಕಣ್ಣಿಗೆ ಕಾಣದ ಈ ಸಂಸಾರವೆಲ್ಲ ಕಲ್ಲು, ಮರಳು, ಸ್ಪಂಜುಗಳ ಮೇಲೆ ನೆಲೆಯೂರಲು ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಮೊದಲೇ ಮೀನು ಬಿಟ್ಟರೆ ಅದು ತನ್ನ ಹೊಲಸಿನಲ್ಲೇ ಸಾಯುತ್ತದೆ. ಹಳೆಯ ತೊಟ್ಟಿಯ ಸ್ಪಂಜು ತಂದು ಹೊಸದರಲ್ಲಿಟ್ಟರೆ ನೀರು ಬೇಗ ಪಳಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅವಳು ಆ ಸ್ಪಂಜನ್ನು ಹೆಪ್ಪು ಎಂದೇ ಕರೆಯುತ್ತಿದ್ದಳು.

ಹೆಪ್ಪು ಹಾಕಿದ ಮೇಲೂ ಅವಳು ಮೀನು ಬಿಡಲು ಒಪ್ಪುತ್ತಿರಲಿಲ್ಲ. ಖಾಲಿ ನೀರಿಗೆ ದಿನವೂ ಒಂದು ಚಿಟಿಕೆ ಮೀನಿನ ಕಾಳು ಹಾಕಬೇಕು, ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಆಹಾರವಾಗಬೇಕು, ಸಣ್ಣ ಗಾಜಿನ ಕೊಳವೆಯಲ್ಲಿ ನೀರು ತೆಗೆದು ಔಷಧಿಯ ಹನಿ ಬಿಟ್ಟರೆ ವಿಷದ ಹಸಿರು ಬಣ್ಣ ಹೋಗಿ ಹಳದಿ ಬರಬೇಕು. ಆಮೇಲೆ ಮೀನು. ಸಲೂನಿಗೆ ಬರುವವರು ಇಲ್ಲದ ಮೀನಿಗೆ ಊಟ ಹಾಕುವ ಸಲೂನಿನವನನ್ನು ಆಡಿಕೊಂಡು ನಗುತ್ತಿದ್ದರು. ಅವನು ಮಾತ್ರ ದೊಡ್ಡಮ್ಮನ ಮಾತು ಮೀರಲಿಲ್ಲ. ಅವನ ಕತ್ತರಿಗೆ ತಲೆ ಕೊಡುವವರಿಗೆ ಅವನನ್ನು ಹೆಚ್ಚು ಕೆಣಕುವ ಧೈರ್ಯವೂ ಇರಲಿಲ್ಲ.

ಇದನ್ನೆಲ್ಲ ಅವಳು ಕಲಿತದ್ದು ಗಂಡ ಮಾಡಿದ ಒಂದು ಎಡವಟ್ಟಿನಿಂದ. ದೊಡ್ಡಪ್ಪ ಗಾಜು ಕತ್ತರಿಸುವವರು. ಕಿಟಕಿ, ಫೋಟೊ ಫ್ರೇಮು, ಅಂಗಡಿಗಳ ಶೋಕೇಸು ಅವರ ಕೆಲಸ, ಬೆರಳುಗಳ ತುಂಬ ಹಳೆಯ ಗಾಯದ ಗೆರೆಗಳು. ಮದುವೆಯಾದ ಹೊಸತರಲ್ಲಿ, ಉಳಿದ ಗಾಜುಗಳನ್ನು ಅಂಟಿಸಿ ಒಂದು ತೊಟ್ಟಿ ಮಾಡಿ, ಹೆಂಡತಿಗೆ ಉಡುಗೊರೆ ಎಂದು ಅದೇ ದಿನ ಮೀನುಗಳನ್ನು ತಂದು ಬಿಟ್ಟರು. ಕೆಲವೇ ದಿನಗಳಲ್ಲಿ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟು ಸತ್ತವು. ಗಾಜು ಅಂಗೈ ಸೀಳಿದಾಗಲೂ ತುಟಿ ಪಿಟಕ್ಕೆನ್ನದ ಮನುಷ್ಯ ಅವತ್ತು ಗೋಡೆ ಕಡೆ ಮುಖ ಮಾಡಿ ಕೂತು ಅತ್ತರಂತೆ. ದೊಡ್ಡಮ್ಮ ಅಳಲಿಲ್ಲ. ನೇರ ಮೀನಿನ ಅಂಗಡಿಗೆ ಹೋಗಿ, ಅಲ್ಲಿ ಎಲ್ಲಕ್ಕಿಂತ ಹೊಲಸಾಗಿದ್ದ ತೊಟ್ಟಿಯಲ್ಲೇ ಮೀನುಗಳು ಎಲ್ಲಕ್ಕಿಂತ ಗಟ್ಟಿಯಾಗಿರುವುದನ್ನು ನೋಡಿ, ಆ ಕೊಳೆಯನ್ನೇ ಒಂದಿಷ್ಟು ಕೊಡಿ ಎಂದು ಕೇಳಿದಳು. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡ ಅಂಗಡಿಯವನು ಒಂದು ಹಳೆಯ ಸ್ಪಂಜು ಕೊಟ್ಟು ಸಾಗಹಾಕಿದ. ಅದೇ ಮೊದಲ ಹೆಪ್ಪು.

ಅಲ್ಲಿಂದ ಮುಂದೆ ತೊಟ್ಟಿ ಅವರದು, ನೀರು ಇವಳದು. ಮನೆಯ ಆ ಮೊದಲ ತೊಟ್ಟಿಯ ಹಿಂದಿನ ಗಾಜಿಗೆ ಒರಗಿಸಿ ಸ್ಪಂಜುಗಳನ್ನು ಸಾಲಾಗಿ ನಿಲ್ಲಿಸಿರುತ್ತಿದ್ದಳು. ಒಂದು ಹೊರಗೆ ಹೋದರೆ ಅದರ ಜಾಗಕ್ಕೆ ಹೊಸದೊಂದು. ಊರಿನ ಅಷ್ಟೂ ತೊಟ್ಟಿಗಳು ಆ ಒಂದು ತೊಟ್ಟಿಯ ಮಕ್ಕಳು, ಮೊಮ್ಮಕ್ಕಳು. ಹೆಪ್ಪಿಗೆ ಅವಳು ಯಾರ ಹತ್ತಿರವೂ ಕಾಸು ಕೇಳಲಿಲ್ಲ, ಯಾರಿಗೂ ಇಲ್ಲ ಎನ್ನಲೂ ಇಲ್ಲ.

ಆ ತೊಟ್ಟಿಯಲ್ಲಿ ಒಂದು ದೊಡ್ಡ ಗೋಲ್ಡ್ ಫಿಶ್ ಇತ್ತು. ಬೆನ್ನ ಹಿಂದೆ ಕೈ ಕಟ್ಟಿಕೊಂಡವರ ಗತ್ತಿನಲ್ಲಿ ಈ ಕಡೆಯಿಂದ ಆ ಕಡೆಗೆ ಓಡಾಡುತ್ತಿದ್ದ ಅದಕ್ಕೆ ದೊಡ್ಡಪ್ಪ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದರು. ಮನೆಗೆ ಬಂದವರು ಅದಕ್ಕೆ ನಮಸ್ಕಾರ ಹೇಳದಿದ್ದರೆ ಕಾಫಿ ಇಲ್ಲ ಎಂದು ಕಾಡುತ್ತಿದ್ದರು. ನಾನೂ ಎಷ್ಟೋ ಸಲ ಒಂದು ಮೀನಿಗೆ ಕೈ ಮುಗಿದಿದ್ದೇನೆ.

ಅಂಗಡಿಯಲ್ಲಿ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದ ದೊಡ್ಡಪ್ಪ ಒಂದು ದಿನ ಹಾಗೆಯೇ ಕುಸಿದರು. ಲಕ್ವ. ಬಲಗೈ, ಬಲಗಾಲು, ಮಾತು ಒಟ್ಟಿಗೇ ಹೋದವು. ಮನೆಗೆ ಕರೆತಂದ ಮೇಲೆ ದೊಡ್ಡದಾಗಿ ಕಾಡಿದ್ದು ಊಟ. ಬಾಯಿಗೆ ಹಾಕಿದ ಗಂಜಿಯನ್ನು ಹಾಗೇ ಇಟ್ಟುಕೊಂಡಿರುತ್ತಿದ್ದರು, ನುಂಗುತ್ತಿರಲಿಲ್ಲ. ಮೂಗಿಗೆ ಹಾಕಿದ ಕೊಳವೆಯನ್ನು ಎಡಗೈಯಿಂದ ಕಿತ್ತೆಸೆದರು. ಗಾಳಿ ಬರಲಿ ಎಂದು ಮಂಚವನ್ನು ಕಿಟಕಿಯ ಪಕ್ಕಕ್ಕೆ, ತೊಟ್ಟಿಯ ಎದುರಿಗೆ ಎಳೆದ ದಿನ ದೊಡ್ಡಮ್ಮ ಮೀನಿಗೆ ಒಂದು ಚಿಟಿಕೆ ಕಾಳು ಹಾಕಿದಳು. ಹೆಡ್‌ಮಾಸ್ಟರ್ ಮೇಲಕ್ಕೆ ಬಂದು ಗುಳಕ್ಕನೆ ಬಾಯಿ ತೆರೆಯಿತು. ಅದನ್ನು ನೋಡಿ ಮಂಚದ ಮೇಲಿದ್ದವರೂ ಬಾಯಿ ತೆರೆದರು. ಚಮಚ ಒಳಗೆ ಹೋಯಿತು, ಗಂಟಲು ಮೇಲೆ ಕೆಳಗೆ ಆಡಿತು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಒಂದು ಚಿಟಿಕೆ ನೀರಿಗೆ, ಒಂದು ಚಮಚ ಇವರಿಗೆ. ಮೀನು ಮೇಲೆ ಬಂದರೆ ಇವರ ಬಾಯಿ ತೆರೆಯುತ್ತಿತ್ತು, ಬರದಿದ್ದರೆ ಇಲ್ಲ. ಡಾಕ್ಟರಿಗೆ ಹೇಳಿದರೆ ನಂಬುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ. ಹಳೆಯ ಪಳಗಿದ ತೊಟ್ಟಿ ಅದು, ಹೆಚ್ಚು ಬಿದ್ದ ಕಾಳನ್ನೂ ಅರಗಿಸಿಕೊಳ್ಳುತ್ತಿತ್ತು. ದೊಡ್ಡಪ್ಪನ ಕೆನ್ನೆ ತುಂಬಿಕೊಂಡಿತು. ಬೆನ್ನಿನ ಮೇಲೆ, ಮಲಗಿ ಮಲಗಿ ಆದ ಹುಣ್ಣುಗಳು ಮಾತ್ರ ಮಾಯುತ್ತಿರಲಿಲ್ಲ. ತೊಟ್ಟಿಯ ಕೆಲಸ ಮುಗಿಸಿ, ಕೈ ತೊಳೆದು, ಆ ಹುಣ್ಣುಗಳಿಗೆ ಅವಳೇ ಬ್ಯಾಂಡೇಜು ಕಟ್ಟುತ್ತಿದ್ದಳು.

ರೋಗ ಮೊದಲು ಕಾಣಿಸಿದ್ದು ಹಲ್ಲಿನ ಡಾಕ್ಟರ ತೊಟ್ಟಿಯಲ್ಲಿ. ಮೀನುಗಳು ಎಷ್ಟು ತಿಂದರೂ ಸೊರಗಿ, ಬೆನ್ನು ಬಾಗಿ, ಮೈಮೇಲೆ ಹುಣ್ಣಾಗಿ ಒಂದೊಂದಾಗಿ ಸಾಯತೊಡಗಿದವು. ಅಲ್ಲಿನ ರಿಸೆಪ್ಷನಿಸ್ಟ್ ಹುಡುಗಿ ಏನೋ ಸುರಿದಿರಬೇಕು ಎಂದು ದೊಡ್ಡಮ್ಮ ರೇಗಿಕೊಂಡು ಬಂದಳು. ಆಮೇಲೆ ಸಲೂನಿನಲ್ಲಿ, ಆಮೇಲೆ ಬ್ಯಾಂಕಿನಲ್ಲಿ. ಅಷ್ಟು ಹೊತ್ತಿಗೆ ಅವಳ ಹೆಬ್ಬೆರಳಿನ ಮೇಲೊಂದು ಗಾಯವಾಗಿ, ಎಷ್ಟು ದಿನವಾದರೂ ವಾಸಿಯಾಗದೆ, ಮಣಿಕಟ್ಟಿನ ಕಡೆಗೆ ಗಂಟುಗಂಟಾಗಿ ಏರುತ್ತಿತ್ತು. ನಾನು ಬೈದು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಮೊದಲು ಕೇಳಿದ್ದೇ ಕೆಲಸ ಏನು ಎಂದು. ಗಾಯದ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಮತ್ತೆ ಹೋದಾಗ ಹೇಳಿದರು. ಮೀನಿನ ತೊಟ್ಟಿಯ ನೀರಿನಲ್ಲಿರುವ ರೋಗಾಣು ಇದು, ಮೀನನ್ನು ಸೊರಗಿಸಿ ಕೊಲ್ಲುವುದೂ ಇದೇ, ಕೈಯ ಗೀರಿನಿಂದ ಒಳಗೆ ಹೋಗುತ್ತದೆ, ತಿಂಗಳುಗಟ್ಟಲೆ ಮಾತ್ರೆ ತಿನ್ನಬೇಕು. ಮನೆಯಲ್ಲಿ ಇನ್ಯಾರಿದ್ದಾರೆ ಎಂದು ಕೇಳಿದರು. ನಾನು ದೊಡ್ಡಪ್ಪನ ವಿಷಯ, ಅವರ ಬೆನ್ನಿನ ಹುಣ್ಣಿನ ವಿಷಯ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಈ ಕೈಯಲ್ಲಿ ಅವರ ಹುಣ್ಣು ಮುಟ್ಟಬೇಡಿ," ಎಂದರು. "ಆ ತೊಟ್ಟಿ ಅವರ ರೂಮಲ್ಲಿ ಇರಲೇಬಾರದು."

ದಾರಿಯುದ್ದಕ್ಕೂ ದೊಡ್ಡಮ್ಮ ತನ್ನ ಕೈಚೀಲವನ್ನೇ ನೋಡುತ್ತಿದ್ದಳು. ನನಗೆ ಗೊತ್ತಿತ್ತು ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು. ಕ್ಲಿನಿಕ್ಕಿಗೆ, ಸಲೂನಿಗೆ, ಬ್ಯಾಂಕಿಗೆ ಒಂದೇ ರೋಗ ಹೋಗಬೇಕಾದರೆ ಹೊತ್ತುಕೊಂಡು ಹೋದವರು ಯಾರು? ಆ ಸ್ಟೀಲ್ ಡಬ್ಬಿ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅವಳು ಒಂದೇ ಮಾತು ಹೇಳಿದಳು.

"ತೊಟ್ಟಿ ತೆಗೆದರೆ ಅವರು ಊಟ ಮಾಡಲ್ಲ."

"ಹುಣ್ಣಿಗೆ ಅಂಟಿಕೊಂಡರೆ ಊಟ ಮಾಡೋಕೆ ಅವರೇ ಇರಲ್ಲ," ಎಂದೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಹೇಳಲಾರೆ.

ಒಂದಷ್ಟು ದಿನ ಗ್ಲೌಸು ಹಾಕಿಕೊಂಡು ಕಾಲ ತಳ್ಳಿದಳು. ಬ್ಯಾಂಡೇಜು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಆದರೆ ಹೆಡ್‌ಮಾಸ್ಟರ್ ಕಾಳು ಬಿಟ್ಟಿತು. ನೋಡುತ್ತಾ ನೋಡುತ್ತಾ ಅದರ ಬೆನ್ನೂ ಬಾಗಿತು. ಇನ್ನು ಮುಂದೂಡಲು ದಾರಿಯೇ ಉಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ದೊಡ್ಡಪ್ಪನನ್ನು ಗೋಡೆಯ ಕಡೆ ಮಗ್ಗುಲಾಗಿಸಿ ಬೆನ್ನು ಒರೆಸುತ್ತಿರುವಾಗ, ಅವಳು ಮೀನನ್ನು ಬಕೆಟ್ಟಿಗೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ನೀರಿಗೆ ಲವಂಗದ ಎಣ್ಣೆ ಬೆರೆಸಿದರೆ ಮೀನು ನಿದ್ದೆ ಬಂದ ಹಾಗೆ ಸಾಯುತ್ತದೆ. ಆ ವಾಸನೆ ರೂಮಿನವರೆಗೂ ಬಂತು. ಮಗ್ಗುಲು ಬದಲಿಸಿದಾಗ ದೊಡ್ಡಪ್ಪ ಖಾಲಿ ತೊಟ್ಟಿಯನ್ನು ನೋಡಿದರು, ಆಮೇಲೆ ಅವಳ ಒದ್ದೆ ಕೈಗಳನ್ನು ನೋಡಿದರು.

ಸ್ಪಂಜುಗಳನ್ನೆಲ್ಲ ಸುಟ್ಟಳು. ಗಾಜನ್ನು ಬ್ಲೀಚಿಂಗ್ ಪೌಡರಿನಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಲಿಗೆ ಒಣಗಲಿಟ್ಟಳು. ಎಸೆಯಲು ಮಾತ್ರ ಒಪ್ಪಲಿಲ್ಲ, ಅದು ಅವರು ಮಾಡಿದ್ದು. ಆಮೇಲೆ ಚೀಲ ಹಿಡಿದು ಒಂದೊಂದೇ ಮನೆ, ಒಂದೊಂದೇ ಆಫೀಸು ಹತ್ತಿ ಇಳಿದು, ನಿಮ್ಮ ತೊಟ್ಟಿಯ ರೋಗ ನನ್ನಿಂದ ಬಂದದ್ದು, ಎಲ್ಲ ತೆಗೆದು ಹಾಕಿ ಎಂದು ಹೇಳಿ ಬಂದಳು. ಬೇಡ, ಸುಮ್ಮನಿರು, ಯಾರಿಗೆ ಗೊತ್ತಾಗುತ್ತೆ ಎಂದು ನಾನು ತಡೆದಿದ್ದೆ. ನನ್ನ ಮಾತು ಅವಳು ಯಾವಾಗ ಕೇಳಿದ್ದಾಳೆ? ಹಲ್ಲಿನ ಡಾಕ್ಟರು ಕಾದು ಕೂತಿದ್ದ ಜನರ ಎದುರೇ ಬಾಯಿಗೆ ಬಂದಂತೆ ಅಂದರಂತೆ. ಬ್ಯಾಂಕಿನವರು ಆ ಜಾಗದಲ್ಲಿ ಟಿವಿ ಇಡುತ್ತೇವೆ ಎಂದರು. ಸಲೂನಿನವನೊಬ್ಬನೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟದ್ದು. ಪೂರ್ತಿ ಕಥೆ ಕೇಳಿ ಅವನು ಒಂದು ಮಾತು ಹೇಳಿದ.

"ಮನೇಲಿ ಹೊಸದಾಗಿ ನೀರು ಕಟ್ಟಬೇಕಲ್ಲ ಅಮ್ಮ, ನನ್ನ ತೊಟ್ಟಿಯಿಂದ ಹೆಪ್ಪು ತಗೊಂಡು ಹೋಗಿ. ನೀವು ಕೊಟ್ಟಿದ್ದೇ ಅಲ್ವಾ?"

ಪಾಪ, ಒಳ್ಳೆಯ ಮನಸ್ಸಿನಿಂದ ಹೇಳಿದ. ಆ ಮಾತು ಕೇಳಿದ ಮೇಲೆಯೇ ಅವಳಿಗೆ ತನ್ನ ಗತಿ ಪೂರ್ತಿ ಅರ್ಥವಾದದ್ದು. ಊರಿಗೆಲ್ಲ ಹಂಚಿದವಳಿಗೆ ಈಗ ಕಡ ಕೇಳಲು ಒಂದು ಮನೆಯೂ ಇರಲಿಲ್ಲ. ಮೀನಿನ ಅಂಗಡಿಯವನದೂ ಸೇರಿ ಎಲ್ಲರ ಹೆಪ್ಪೂ ಅವಳದೇ, ಎಲ್ಲವೂ ಕೆಟ್ಟದ್ದೇ. ಅಂಗಡಿಯ ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾವನ್ನೂ ತಂದು ನೋಡಿದಳು. ಅದು ಯಾವ ಕಾಲದಿಂದ ಶೀಟಿನ ಚಾವಣಿಯ ಕೆಳಗೆ ಬೆಂದಿತ್ತೋ, ಮುಚ್ಚಳ ತೆಗೆದರೆ ಚರಂಡಿಯ ವಾಸನೆ. ಕೊನೆಗೆ ಬರೀ ನೀರಿಗೆ ಬರೀ ಹೊಸ ಸ್ಪಂಜು ಇಟ್ಟು, ಚಿಟಿಕೆ ಕಾಳು ಹಾಕಿ, ಹಬ್ಬಿಕೊಳ್ಳಲಿ ಎಂದು ಕಾಯತೊಡಗಿದಳು.

ದೊಡ್ಡಪ್ಪ ಕಾಯಲಿಲ್ಲ. ತೊಟ್ಟಿ ಖಾಲಿಯಾದ ದಿನವೇ ಬಾಯಿ ಮುಚ್ಚಿದರು. ನಾನು ಫೋನಿನಲ್ಲಿ ಮೀನಿನ ವಿಡಿಯೊ ಹಾಕಿ ಮುಖದ ಮುಂದೆ ಹಿಡಿದೆ. ಅವರು ಫೋನನ್ನೂ ನನ್ನನ್ನೂ ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡರು. ಹನಿ ಹನಿ ನೀರು, ಒತ್ತಾಯಕ್ಕೆ ಒಂದೆರಡು ಚಮಚ ಗಂಜಿ, ಅದರಲ್ಲಿ ಅರ್ಧ ದಿಂಬಿಗೆ. ತುಂಬಿದ್ದ ಕೆನ್ನೆ ಮತ್ತೆ ಗುಳಿ ಬಿತ್ತು. ಮನೆಗೆ ಬರುವ ನರ್ಸು, ಕೈ ಕಟ್ಟಿ ಮೂಗಿಗೆ ಕೊಳವೆ ಹಾಕಿಬಿಡೋಣ ಎಂದಳು.

"ಕೈ ಕಟ್ಟಿ ಉಣಿಸೋಕೆ ಅವರೇನು ಕಳ್ಳರಾ?" ಎಂದು ದೊಡ್ಡಮ್ಮ ಅವಳನ್ನು ಕಳಿಸಿಬಿಟ್ಟಳು. ಅದೇ ದಿನ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ, ಒಂದು ಪುಟ್ಟ ಕೆಂಪು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಳು. ಅಲ್ಲಿಯ ಅಂಗಡಿಯವನು ಹೆಪ್ಪು ಕೊಡಲು ಒಪ್ಪಲಿಲ್ಲವಂತೆ.

ನೀರು ಇನ್ನೂ ಪಳಗಿಲ್ಲವಲ್ಲ ಎಂದು ಕೇಳಿದೆ. ಯಾರಾದರೂ ಆತುರಪಟ್ಟು ಹಸಿ ನೀರಿಗೆ ಮೀನು ಬಿಟ್ಟರೆ ಅವರ ಬೆವರಿಳಿಸುತ್ತಿದ್ದವಳು ಇವಳೇ. ಅವಳು ಚೀಲದ ಗಂಟು ಬಿಚ್ಚುತ್ತಾ, ಗೊತ್ತು ಎಂದಳು. ದಿನಾ ಅರ್ಧ ನೀರು ಬದಲಿಸಿದರೆ ವಿಷ ಏರುವುದಿಲ್ಲ, ನಿಧಾನಕ್ಕೆ ಪಳಗುತ್ತದೆ, ಅಷ್ಟರವರೆಗೆ ನಾನು ನೀರು ಹೊರುತ್ತೇನೆ ಎಂದಳು. ಬ್ಯಾಂಡೇಜಿನ ಕೈಗೆ ಗ್ಲೌಸು ಏರಿಸಿ ಬಕೆಟ್ಟು ಹಿಡಿದಳು.

ಮೀನು ಮೇಲೆ ಬಂತು, ದೊಡ್ಡಪ್ಪ ಬಾಯಿ ತೆರೆದರು. ಅವತ್ತು ನಮಗಾದ ಸಂತೋಷವನ್ನು ಹೇಗೆ ಹೇಳಲಿ? ನಾನು ಮಹಡಿಗೆ ಹೋಗಿ, ಯಾರದೋ ರವಿಕೆಗೆ ತೋಳನ್ನು ತಿರುವುಮುರುವಾಗಿ ಹೊಲಿದುಬಿಟ್ಟೆ. ಕೆಳಗೆ ಅವಳು ಹಳೆಯ ಪದ್ಧತಿಯನ್ನೇ ಹಿಡಿದಳು. ಒಂದು ಚಿಟಿಕೆ ನೀರಿಗೆ, ಒಂದು ಚಮಚ ಇವರಿಗೆ.

ತಪ್ಪು ಅಲ್ಲೇ ಇತ್ತು, ಅದು ಅವಳಿಗೆ ಗೊತ್ತೂ ಇತ್ತು. ಒಂದು ಬಟ್ಟಲು ಗಂಜಿ ಮುಗಿಯಬೇಕಾದರೆ ಎಷ್ಟು ಚಮಚ, ಅಷ್ಟು ಚಿಟಿಕೆ. ಅದೂ ದಿನಕ್ಕೆ ಮೂರು ಹೊತ್ತು. ಆ ಪುಟ್ಟ ಮೀನು ತಿನ್ನುವುದೆಷ್ಟು? ಉಳಿದದ್ದೆಲ್ಲ ಹಸಿ ನೀರಿನಲ್ಲಿ ಕೊಳೆಯುತ್ತಿತ್ತು. ಗಾಜಿನ ಕೊಳವೆಯ ಬಣ್ಣ ದಿನದಿಂದ ದಿನಕ್ಕೆ ಗಾಢ ಹಸಿರಾಯಿತು. ಕಾಳು ಕಡಿಮೆ ಮಾಡು ಎಂದು ನಾನು ಜಗಳ ತೆಗೆದರೆ, ಕಾಳು ಹಾಕದಿದ್ದರೆ ಅದು ಮೇಲೆ ಬರಲ್ಲ, ಅದು ಬರದಿದ್ದರೆ ಇವರ ಬಾಯಿ ತೆರೆಯಲ್ಲ ಎನ್ನುತ್ತಿದ್ದಳು. ಅವಳು ಇನ್ನೊಂದು ಬಕೆಟ್ಟು ಹೆಚ್ಚು ಹೊತ್ತಳು, ನಾನೂ ಹೊತ್ತೆ. ಇಬ್ಬರೂ ಸೇರಿ ಅಷ್ಟು ನೀರು ಹೊತ್ತರೂ ಆ ಹಸಿರು ಇಳಿಯಲಿಲ್ಲ.

ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಮೀನು ಆಗಲೇ ಮೇಲಿತ್ತು. ಕಾಳು ಹಾಕದೆಯೇ ಬಂದಿತ್ತು. ನೀರಿನ ಅಂಚಿಗೆ ಮೂತಿ ಹಚ್ಚಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ನಾನು ಬಕೆಟ್ಟಿಗೆ ಓಡಬೇಕೆನ್ನುವಷ್ಟರಲ್ಲಿ ದೊಡ್ಡಮ್ಮ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ದೊಡ್ಡಪ್ಪ ಬಾಯಿ ತೆರೆದಿದ್ದರು.

"ಬಕೆಟ್ಟು ಆಮೇಲೆ," ಎಂದಳು. "ಈಗ ಉಣ್ಣುತ್ತಿದ್ದಾರೆ."

ಅಡ್ಡಿ ಮಾಡಿದರೆ ಎಲ್ಲಿ ನಿಲ್ಲಿಸುತ್ತಾರೋ ಎಂಬ ಭಯ ಅವಳದು. ಮೀನು ಬಾಯಿ ತೆರೆದಾಗಲೆಲ್ಲ ಅವರು ತೆರೆದರು, ಅವಳು ಚಮಚ ಇಟ್ಟಳು. ಹೆಡ್‌ಮಾಸ್ಟರ್ ಹೋದ ಮೇಲೆ ಮೊದಲ ಸಲ ಬಟ್ಟಲು ಪೂರ್ತಿ ಖಾಲಿಯಾಯಿತು. ಮೀನು ಯಾಕೆ ಮೇಲೆ ಬಂತು ಎಂದು ಅವರಿಗೆ ಗೊತ್ತಾಗಲಿಲ್ಲ, ಕಾಳಿಗೆ ಬಂದಿದೆ ಎಂದುಕೊಂಡೇ ಉಂಡರು ಎಂದು ದೊಡ್ಡಮ್ಮ ಇವತ್ತಿಗೂ ನಂಬಿದ್ದಾಳೆ. ನಾನು ಮಂಚದ ಇನ್ನೊಂದು ಪಕ್ಕದಲ್ಲಿ ನಿಂತಿದ್ದೆ. ಕೊನೆಕೊನೆಯ ಚಮಚಗಳನ್ನು ನುಂಗುವಾಗ ಅವರು ತೊಟ್ಟಿಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದರು. ಹಾಗೆ ಬಾಯಿ ಬಿಡುವ ಮೀನುಗಳನ್ನು ತಮ್ಮ ಮೊದಲ ತೊಟ್ಟಿಯಲ್ಲಿ ನೋಡಿದವರು ಅವರು. ಅದನ್ನು ಅವಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಬಟ್ಟಲು ಕೆಳಗಿಟ್ಟು ಅವಳು ನೀರಿನ ಕಡೆ ತಿರುಗುವಷ್ಟರಲ್ಲಿ ಮೀನು ಮಗುಚಿಕೊಂಡಿತ್ತು. ದೊಡ್ಡಪ್ಪ ಮೈ ತಿರುಗಿಸಲಾರದವರು, ಕುತ್ತಿಗೆಯನ್ನಷ್ಟೇ ಗೋಡೆಯ ಕಡೆ ಹೊರಳಿಸಿದರು. ಆಮೇಲೆ ಅವರು ಬಾಯಿ ತೆರೆಯಲಿಲ್ಲ. ಕೆಲವು ದಿನಗಳಾದ ಮೇಲೆ, ನಾನು ಬ್ಯಾಂಡೇಜು ಬದಲಿಸಲು ಹೋದ ಬೆಳಿಗ್ಗೆ, ಮೈ ತಣ್ಣಗಾಗಿತ್ತು.

ನೆಂಟರೆಲ್ಲ ಬಂದು ಹೋದರು. ಮನೆ ಖಾಲಿಯಾದ ಮೇಲೂ ಆ ರೂಮಿನಲ್ಲಿ ಗಾಳಿಯ ಪಂಪು ಗುಳುಗುಳು ಎನ್ನುತ್ತಲೇ ಇತ್ತು, ಅದನ್ನು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಆರಿಸಲೆಂದು ನಾನು ಹೋದರೆ ದೊಡ್ಡಮ್ಮ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು. ನೀರು ಹಳದಿಯಾಗಿತ್ತು. ಅಷ್ಟೊಂದು ಕಾಳು ಕೊಳೆತು, ತಿನ್ನುವುದಕ್ಕೆ ಬೇಕಾದಷ್ಟು ಸಿಕ್ಕು, ಬ್ಯಾಕ್ಟೀರಿಯಾ ಸ್ಪಂಜಿನ ತುಂಬ ನೆಲೆಯೂರಿತ್ತು. ತೊಟ್ಟಿ ಪಳಗಿತ್ತು. ಇನ್ನು ಯಾವ ಮೀನನ್ನು ಬಿಟ್ಟರೂ ಬದುಕುತ್ತಿತ್ತು.

ಆ ಕೊಳವೆಯನ್ನು ಅವಳ ಕೈಯಿಂದ ಕಿತ್ತು ಗೋಡೆಗೆ ಎಸೆಯಬೇಕೆನ್ನಿಸಿತು ನನಗೆ. ಅವಳು ಅದನ್ನು ತೊಳೆದು ಅದರ ಜಾಗದಲ್ಲಿಟ್ಟಳು.

ತೊಟ್ಟಿ ಪಳಗಿದ ವಿಷಯ ಹೇಗೋ ತಿಳಿದು ಸಲೂನಿನವನು ಬಂದ. ಹಳೆಯದನ್ನೆಲ್ಲ ಎಸೆದು ಹೊಸ ತೊಟ್ಟಿ ಕೊಂಡಿದ್ದನಂತೆ. ಕೇಳಲು ಸಂಕೋಚಪಟ್ಟುಕೊಂಡು ಬಾಗಿಲಲ್ಲೇ ನಿಂತ. ದೊಡ್ಡಮ್ಮ ಸ್ಪಂಜನ್ನು ಕತ್ತರಿಸಿ ಅರ್ಧ ಕೊಟ್ಟಳು. ಮೀನು ಈಗಲೇ ಬಿಡಬೇಡ, ಎಷ್ಟೇ ಆಸೆಯಾದರೂ ಕಾಯಿ ಎಂದು ಹೇಳಿ ಕಳಿಸಿದಳು. ಅವನು ಹೋದ ಮೇಲೆ ಬಾಗಿಲು ಹಿಡಿದುಕೊಂಡು ತುಂಬಾ ಹೊತ್ತು ಅತ್ತಳು.

ಅವಳ ತೊಟ್ಟಿಗೆ ಮಾತ್ರ ಮೀನು ಬೇಡವಂತೆ. ಹಾಗಾದರೆ ಪಂಪಾದರೂ ಆರಿಸು ಎಂದರೆ, ಒಳಗಿರೋವು ಸಾಯುತ್ತವೆ ಎನ್ನುತ್ತಾಳೆ. ದೊಡ್ಡಪ್ಪ ಹೋದ ಮೇಲೆ ಅವಳಿಗೂ ಊಟ ಸೇರುತ್ತಿಲ್ಲ. ಅಡುಗೆಮನೆಯಲ್ಲಿ ತಟ್ಟೆ ಇಟ್ಟರೆ ಹಾಗೇ ಆರಿ ತಣ್ಣಗಾಗುತ್ತದೆ. ಆ ರೂಮಿಗೆ ತಂದು ಕೊಟ್ಟರೆ ಮಾತ್ರ, ಹಾಸಿಗೆ ತೆಗೆದ ಮಂಚದ ಅಂಚಿನಲ್ಲಿ ಕೂತು ಉಣ್ಣುತ್ತಾಳೆ. ಒಂದು ಚಿಟಿಕೆ ಖಾಲಿ ನೀರಿಗೆ, ಒಂದು ತುತ್ತು ಬಾಯಿಗೆ. ಅಷ್ಟು ಕಾಳು ಹಾಕಬೇಡ ಎಂದು ಜಗಳವಾಡಲು ಈಗ ನನಗೆ ಕಾರಣವಿಲ್ಲ. ಅವಳು ಉಂಡು ಮುಗಿಸುವವರೆಗೆ ನಿಂತಿದ್ದು, ತಟ್ಟೆ ತೆಗೆದುಕೊಂಡು ಹೋಗುತ್ತೇನೆ.